ಒಂದು ಕ್ಷಣದ ತಡವರಿಕೆ: ಕಾರ್ಬ್ಯುರೇಟರಿನ ಕಥೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಈಗ ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದಾನೆ. ಅವನ ಅಜ್ಜನ ಕಾಲದ ಕಾರೊಂದು ಊರಿನ ಮನೆಯ ಶೆಡ್ಡಿನಲ್ಲಿ ಹಲವು ವರ್ಷ ತೆಂಗಿನ ಗರಿಗಳ ಅಡಿಯಲ್ಲಿ ಮಲಗಿತ್ತಂತೆ. ಅದನ್ನು ಹೊರತೆಗೆದು, ಬಣ್ಣ ಬಳಿಸಿ, ಓಡಿಸುವ ಹಂತಕ್ಕೆ ತಂದಿದ್ದಾನೆ. ಆದರೆ ಒಂದು ತೊಂದರೆ ಮಾತ್ರ ಬಿಡದೆ ಕಾಡುತ್ತಿದೆ.

"ಸರ್, ಗಾಡಿ ಸ್ಟಾರ್ಟ್ ಆಗುತ್ತೆ, ನಿಂತಲ್ಲೇ ಚೆನ್ನಾಗಿ ಓಡುತ್ತೆ. ಆದರೆ ಆಕ್ಸಿಲರೇಟರ್ ತುಳಿದ ಕೂಡಲೇ ಒಂದು ಕ್ಷಣ ಉಸಿರು ಸಿಕ್ಕಿಕೊಂಡ ಹಾಗೆ ಆಗಿ, ಆಮೇಲೆ ಎಗರಿಕೊಂಡು ಹೋಗುತ್ತೆ. ಪ್ಲಗ್ ಹೊಸದು, ಕಾಯಿಲ್ ಹೊಸದು, ಬ್ಯಾಟರಿಯೂ ಹೊಸದು. ಇನ್ನು ಏನು ಬದಲಾಯಿಸಲಿ ಹೇಳಿ."

ಅವನ ಪ್ರಶ್ನೆ ಕೇಳಿ ನನಗೆ ನಗು ಬಂತು. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಇದೇ ಶಬ್ದಗಳಲ್ಲಿ ಒಬ್ಬರನ್ನು ಕೇಳಿದ್ದೆ. ಅವರು ಕೊಟ್ಟ ಉತ್ತರವನ್ನು ಅವನಿಗೆ ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಆ ಉತ್ತರದ ಹಿಂದೆ ಒಂದು ದೀರ್ಘವಾದ ಚರಿತ್ರೆಯಿದೆ. ಅದನ್ನು ಬರೆದಿಟ್ಟರೆ ಅವನಿಗೂ, ಅವನಂತೆ ಹಳೆಯ ವಾಹನಗಳ ಮೇಲೆ ಪ್ರೀತಿಯಿಟ್ಟ ನಿಮ್ಮಲ್ಲಿ ಕೆಲವರಿಗೂ ಉಪಯೋಗವಾದೀತೆಂದು ಈ ಲೇಖನ.

ಆಗುಂಬೆಯ ತಿರುವಿನಲ್ಲಿ

1992ರ ಮಾತು. ಆಗ ನಾನು ತೀರ್ಥಹಳ್ಳಿಯ ಕಡೆ ಕೆಲಸದಲ್ಲಿದ್ದೆ. ಎರಡು ಕೈ ದಾಟಿ ನನ್ನ ಬಳಿಗೆ ಬಂದ ಹಳೆಯ ಕಾರೊಂದಿತ್ತು. ಮೇಷ್ಟ್ರ ಸಂಬಳದಲ್ಲಿ ಅದೊಂದು ದುಬಾರಿ ಹವ್ಯಾಸವೆಂದು ನಮ್ಮ ಮನೆಯವರು ಹೇಳುತ್ತಿದ್ದರು, ಅದು ಸುಳ್ಳೇನೂ ಆಗಿರಲಿಲ್ಲ. ಆದರೆ ತಂದೆಯವರಿಗೆ ಹೃದಯದ ತೊಂದರೆ ಶುರುವಾಗಿತ್ತು. ಎರಡು ತಿಂಗಳಿಗೊಮ್ಮೆ ಘಟ್ಟ ಇಳಿದು ಅವರನ್ನು ವೈದ್ಯರಿಗೆ ತೋರಿಸಬೇಕಾಗಿತ್ತು. ಬಸ್ಸಿನ ಕುಲುಕಾಟ ಅವರಿಗೆ ಆಗುತ್ತಿರಲಿಲ್ಲ. ಹೀಗಾಗಿ ಆ ಕಾರು ನಮಗೆ ಅನಿವಾರ್ಯವಾಯಿತು.

ಆ ವರ್ಷದ ಮಳೆಗಾಲದ ಕೊನೆಯಲ್ಲಿ ಕಾರಿಗೆ ಈ ಕಾಯಿಲೆ ಹಿಡಿಯಿತು. ಸಮತಟ್ಟಾದ ರಸ್ತೆಯಲ್ಲಿ ಅದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಒಂದು ಸಂಜೆ ತಂದೆಯವರನ್ನು ತೋರಿಸಿಕೊಂಡು ಸೋಮೇಶ್ವರದಿಂದ ಆಗುಂಬೆ ಘಟ್ಟ ಹತ್ತುತ್ತಿದ್ದೆವು. ಆ ಘಟ್ಟದಲ್ಲಿ 14 ಹೇರ್‌ಪಿನ್ ತಿರುವುಗಳಿವೆ ಎಂಬುದು ನಿಮ್ಮಲ್ಲಿ ಬಹುಮಂದಿಗೆ ತಿಳಿದದ್ದೇ. ಒಂದು ತಿರುವಿನಲ್ಲಿ ಎದುರಿನಿಂದ ಬಸ್ಸು ಬಂದಿತೆಂದು ನಿಲ್ಲಿಸಿದೆ. ಬಸ್ಸು ದಾಟಿದ ಮೇಲೆ ಕ್ಲಚ್ ಬಿಡುತ್ತ ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಿದೆ. ಇಂಜಿನ್ ಒಂದು ಸಲ ಗುಟುಕರಿಸಿ ಸುಮ್ಮನಾಯಿತು. ಕಾರು ಹಿಂದಕ್ಕೆ ಜಾರತೊಡಗಿತು. ಬ್ರೇಕ್ ಹಿಡಿಯಿತು, ನಿಜ. ಆದರೆ ಹಿಂದೆ ಇದ್ದದ್ದು ಮೋಟುಗೋಡೆ, ಅದರಾಚೆ ಕಣಿವೆ. ಮನೆಯವರು ಇಳಿದು ಹೋಗಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ಮೂರು ಸಲ ಪ್ರಯತ್ನಿಸಿದ ಮೇಲೆ ಕಾರು ಮೇಲೇರಿತು. ತಂದೆಯವರು ಮನೆ ಮುಟ್ಟುವವರೆಗೆ ಒಂದು ಮಾತನ್ನೂ ಆಡಲಿಲ್ಲ. ಮುಂದಿನ ಸಲ "ನಾನು ಬಸ್ಸಿನಲ್ಲೇ ಬರುತ್ತೇನೆ" ಎಂದಷ್ಟೇ ಹೇಳಿದರು. ಅದು ನನ್ನನ್ನು ಚುಚ್ಚಿತು.

ನಾನು ಒಂದರ ಹಿಂದೊಂದು ಭಾಗಗಳನ್ನು ಬದಲಾಯಿಸಿದೆ. ಒಬ್ಬರು ಪ್ಲಗ್ ಎಂದರು, ಹಾಕಿಸಿದೆ. ಇನ್ನೊಬ್ಬರು ಡಿಸ್ಟ್ರಿಬ್ಯೂಟರಿನ ಕ್ಯಾಪು, ಪಾಯಿಂಟು ಎಂದರು, ಅದನ್ನೂ ಹಾಕಿಸಿದೆ. ಮೂರನೆಯವರು ಪೆಟ್ರೋಲ್ ಪಂಪನ್ನೇ ಬದಲಾಯಿಸಿದರು. ಒಟ್ಟು 1,800 ರೂಪಾಯಿ ಖರ್ಚಾಯಿತು, ಕಾಯಿಲೆ ಹಾಗೆಯೇ ಉಳಿಯಿತು. ಕೊನೆಗೆ ಸಹೋದ್ಯೋಗಿಯೊಬ್ಬರು ಶಿವಮೊಗ್ಗದಲ್ಲಿ ಒಬ್ಬ ವೃದ್ಧ ಮೇಸ್ತ್ರಿಗಳ ಬಳಿಗೆ ಕಳುಹಿಸಿದರು. ಅವರು ಮಾಡಿದ್ದೇನೆಂಬುದನ್ನು ಹೇಳುವ ಮೊದಲು, ಈ ತಡವರಿಕೆ ಏಕೆ ಹುಟ್ಟುತ್ತದೆ ಎಂಬುದನ್ನು ತಿಳಿಯಬೇಕು.

ಗಾಳಿ ಹಗುರ, ಪೆಟ್ರೋಲ್ ಭಾರ

ಪೆಟ್ರೋಲ್ ಇಂಜಿನ್ನಿಗೆ ಬೇಕಾದದ್ದು ಗಾಳಿ ಮತ್ತು ಪೆಟ್ರೋಲಿನ ಹದವಾದ ಮಿಶ್ರಣ. ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಹೆಚ್ಚು ಶಕ್ತಿ ಬೇಕಾದಾಗ ಮಿಶ್ರಣ ಇನ್ನೂ ಸ್ವಲ್ಪ ಗಟ್ಟಿಯಾಗಿ, ಅಂದರೆ 12 ಅಥವಾ 13 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಇರಬೇಕು. ಪೆಟ್ರೋಲ್ ತೀರ ಕಡಿಮೆಯಾದರೆ ಕಿಡಿ ಬಿದ್ದರೂ ಉರಿಯುವುದಿಲ್ಲ, ತೀರ ಹೆಚ್ಚಾದರೂ ಉರಿಯುವುದಿಲ್ಲ.

ಈ ಹದವನ್ನು ಕಂಪ್ಯೂಟರಿಲ್ಲದೆ, ವಿದ್ಯುತ್ತಿಲ್ಲದೆ, ಕೇವಲ ಗಾಳಿಯ ಹರಿವಿನಿಂದಲೇ ಸಾಧಿಸುವ ಲೋಹದ ಡಬ್ಬಿಯೇ ಕಾರ್ಬ್ಯುರೇಟರ್. ಅದರ ತತ್ತ್ವವನ್ನು ನಾನು ತರಗತಿಯಲ್ಲಿ ಕಾಗದದ ಹಾಳೆಯ ಮೇಲೆ ಊದಿ ತೋರಿಸುತ್ತಿದ್ದುದು ನಿಮಗೆ ನೆನಪಿರಬಹುದು. ಡೇನಿಯಲ್ ಬರ್ನೌಲಿ 1738ರಲ್ಲಿ ಪ್ರಕಟಿಸಿದ ದ್ರವಚಲನೆಯ ಗ್ರಂಥದಲ್ಲಿ ಹರಿವಿನ ವೇಗಕ್ಕೂ ಒತ್ತಡಕ್ಕೂ ಇರುವ ಸಂಬಂಧವನ್ನು ವಿವರಿಸಿದ. ಇಟಲಿಯ ಜಿಯೋವಾನಿ ಬಟಿಸ್ಟಾ ವೆಂಚುರಿ 1797ರಲ್ಲಿ ಸಂಕುಚಿತವಾದ ನಾಳದಲ್ಲಿ ಹರಿವು ಹೇಗೆ ವರ್ತಿಸುತ್ತದೆಂಬುದರ ಬಗ್ಗೆ ಬರೆದ. ನಾಳದ ಕಿರಿದಾದ ಭಾಗದಲ್ಲಿ ಗಾಳಿ ವೇಗವಾಗಿ ಸಾಗುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ. ಆ ಕಿರಿದಾದ ಕಂಠದಲ್ಲಿ ಸಣ್ಣದೊಂದು ನಳಿಕೆಯನ್ನಿಟ್ಟರೆ, ಪಕ್ಕದ ಪಾತ್ರೆಯಲ್ಲಿರುವ ಪೆಟ್ರೋಲ್ ತಾನೇ ಮೇಲೆದ್ದು ತುಂತುರಾಗಿ ಗಾಳಿಯಲ್ಲಿ ಬೆರೆಯುತ್ತದೆ. ಗಾಳಿ ಹೆಚ್ಚಿದಂತೆ ಪೆಟ್ರೋಲೂ ಹೆಚ್ಚುತ್ತದೆ.

ಆದರೆ ಇಲ್ಲಿ ಒಂದು ತೊಡಕಿದೆ. ಪೆಟ್ರೋಲ್ ಗಾಳಿಗಿಂತ ಸುಮಾರು 600 ಪಟ್ಟು ಸಾಂದ್ರವಾದದ್ದು. ಆಕ್ಸಿಲರೇಟರನ್ನು ತಟ್ಟನೆ ಒತ್ತಿದಾಗ ಥ್ರಾಟಲಿನ ತಟ್ಟೆ ತೆರೆದುಕೊಳ್ಳುತ್ತದೆ, ಹಗುರವಾದ ಗಾಳಿ ಕೂಡಲೇ ನುಗ್ಗುತ್ತದೆ. ಭಾರವಾದ ಪೆಟ್ರೋಲ್ ಜಡತ್ವದಿಂದ ಹಿಂದುಳಿಯುತ್ತದೆ. ಜೊತೆಗೆ ತಟ್ಟೆ ಮುಚ್ಚಿದ್ದಾಗ ಇಂಜಿನ್ನಿನ ಒಳಹರಿವಿನ ಕೊಳವೆಯಲ್ಲಿ ನಿರ್ವಾತದ ಸ್ಥಿತಿಯಿದ್ದು, ಪೆಟ್ರೋಲ್ ಸುಲಭವಾಗಿ ಆವಿಯಾಗಿರುತ್ತದೆ. ತಟ್ಟೆ ತೆರೆದಾಗ ಒತ್ತಡ ಏರಿ, ಆವಿಯ ಸ್ವಲ್ಪ ಭಾಗ ಹನಿಗಟ್ಟಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಹೀಗೆ ಎರಡು ಕಾರಣಗಳಿಂದ ಒಂದರೆಕ್ಷಣ ಸಿಲಿಂಡರಿಗೆ ಹೋಗುವುದು ಬಹುಪಾಲು ಬರಿಯ ಗಾಳಿ. ಆ ಅರೆಕ್ಷಣವೇ ನಾವು ಅನುಭವಿಸುವ ತಡವರಿಕೆ. ಅಂದರೆ ಇದು ಕಾರ್ಬ್ಯುರೇಟರಿನ ಸ್ವಭಾವದಲ್ಲೇ ಇರುವ ದೌರ್ಬಲ್ಯ. ಸುಸ್ಥಿತಿಯಲ್ಲಿರುವ ಕಾರಿನಲ್ಲಿ ಅದು ಕಾಣಿಸದಂತೆ ಮುಚ್ಚಿಡುವ ಏರ್ಪಾಡೊಂದು ಕೆಲಸ ಮಾಡುತ್ತಿರುತ್ತದೆ, ಅಷ್ಟೆ.

ಟೋಪಿಯ ಸೂಜಿಯಿಂದ ತುಂತುರಿನವರೆಗೆ

ಮೊದಲ ಮೋಟಾರು ವಾಹನಗಳಲ್ಲಿ ಈ ತುಂತುರಿನ ವ್ಯವಸ್ಥೆಯೇ ಇರಲಿಲ್ಲ. ಕಾರ್ಲ್ ಬೆಂಜ್ 1886ರ ಜನವರಿ 29ರಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದ ಮೂರು ಚಕ್ರದ ವಾಹನದಲ್ಲಿ ಇಂಧನದ ಮೇಲ್ಮೈಯಿಂದ ಏಳುವ ಆವಿಯನ್ನು ಗಾಳಿಯೊಡನೆ ಬೆರೆಸುತ್ತಿದ್ದರು. ವೇಗವನ್ನು ಹಠಾತ್ತನೆ ಏರಿಸುವ ಪ್ರಶ್ನೆಯೇ ಅಲ್ಲಿರಲಿಲ್ಲ.

ಆದರೆ ರಸ್ತೆಯ ಮೇಲೆ ಇಂಜಿನ್ನಿನ ರೋಗವನ್ನು ಪತ್ತೆಹಚ್ಚುವ ವಿದ್ಯೆ ಆರಂಭವಾದದ್ದು ಆ ವಾಹನದಿಂದಲೇ. 1888ರ ಆಗಸ್ಟ್‌ನಲ್ಲಿ ಬೆಂಜ್‌ನ ಹೆಂಡತಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರುಮನೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಆ ವಾಹನದಲ್ಲಿ ಕ್ರಮಿಸಿದಳು. ದಾರಿಯಲ್ಲಿ ವೀಸ್‌ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ ಇಂಧನ ಕೊಂಡಳು. ಇಂಧನದ ಕೊಳವೆ ಕಟ್ಟಿಕೊಂಡಾಗ ತನ್ನ ಟೋಪಿಯ ಸೂಜಿಯಿಂದ ಅದನ್ನು ಚುಚ್ಚಿ ಬಿಡಿಸಿದಳೆಂಬುದು ಪ್ರಸಿದ್ಧವಾದ ಕಥೆ. ಇಂಜಿನ್ ನಿಂತದ್ದು ಕಿಡಿಯ ಕೊರತೆಯಿಂದಲೋ ಇಂಧನದ ಕೊರತೆಯಿಂದಲೋ ಎಂಬ ಪ್ರಶ್ನೆಯನ್ನು ನಿರ್ಜನ ರಸ್ತೆಯಲ್ಲಿ ನಿಂತು ಬಿಡಿಸಬೇಕಾಗಿ ಬಂದ ಮೊದಲಿಗರಲ್ಲಿ ಅವಳೊಬ್ಬಳು. ಇಂದಿಗೂ ಮೇಸ್ತ್ರಿಯೊಬ್ಬ ಕೇಳಿಕೊಳ್ಳುವ ಮೊದಲ ಪ್ರಶ್ನೆ ಅದೇ.

1893ರ ವೇಳೆಗೆ ಎರಡು ಕಡೆಗಳಲ್ಲಿ ಹೆಚ್ಚುಕಡಿಮೆ ಏಕಕಾಲಕ್ಕೆ ತುಂತುರಿನ ಕಾರ್ಬ್ಯುರೇಟರ್ ಹುಟ್ಟಿತು. ಹಂಗೇರಿಯಲ್ಲಿ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೋಂಕಾ, ಜರ್ಮನಿಯಲ್ಲಿ ವಿಲ್ಹೆಲ್ಮ್ ಮೇಬ್ಯಾಕ್. ಹೂ ಮಾರುವವಳೊಬ್ಬಳು ಬಾಯಿಂದ ನಳಿಕೆಯನ್ನೂದಿ ಹೂಗಳಿಗೆ ನೀರು ಸಿಂಪಡಿಸುತ್ತಿದ್ದುದನ್ನು ಕಂಡು ಹಂಗೇರಿಯವರಿಗೆ ಈ ಕಲ್ಪನೆ ಹೊಳೆಯಿತೆಂಬ ಕಥೆ ಪ್ರಚಾರದಲ್ಲಿದೆ. ಕಥೆ ಹೇಗಾದರೂ ಇರಲಿ, ಪೆಟ್ರೋಲನ್ನು ಒಂದು ಸಣ್ಣ ಪಾತ್ರೆಯಲ್ಲಿ ಫ್ಲೋಟಿನ ಸಹಾಯದಿಂದ ಒಂದೇ ಮಟ್ಟದಲ್ಲಿ ನಿಲ್ಲಿಸಿ, ಅಲ್ಲಿಂದ ನಳಿಕೆಯ ಮೂಲಕ ಗಾಳಿಯ ಹರಿವಿಗೆ ಸಿಂಪಡಿಸುವ ಕ್ರಮ ಅಂದಿನಿಂದ ನೂರಕ್ಕೂ ಹೆಚ್ಚು ವರ್ಷ ಉಳಿಯಿತು. ನಮ್ಮ ಮನೆಯ ಓವರ್‌ಹೆಡ್ ಟ್ಯಾಂಕಿನ ತೇಲುಚೆಂಡಿನ ನಲ್ಲಿಯನ್ನು ಕಂಡವರಿಗೆ ಆ ಪಾತ್ರೆಯ ಕೆಲಸವನ್ನು ಬೇರೆ ವಿವರಿಸಬೇಕಾಗಿಲ್ಲ.

ತುಂತುರಿನ ಕಾರ್ಬ್ಯುರೇಟರ್ ಬಂದ ಮೇಲೆ ವೇಗ ಬಂತು, ವೇಗದೊಡನೆ ತಡವರಿಕೆಯೂ ಬಂತು. ಅದನ್ನು ನಿವಾರಿಸಲು ಮುಖ್ಯವಾಗಿ ಎರಡು ದಾರಿಗಳು ಬೆಳೆದವು.

ಮೊದಲನೆಯ ದಾರಿಯಲ್ಲಿ ಆಕ್ಸಿಲರೇಟರಿನ ಸಲಾಕೆಗೇ ಒಂದು ಪುಟ್ಟ ಪಂಪನ್ನು ಜೋಡಿಸಲಾಯಿತು. ಪೆಡಲ್ ಒತ್ತಿದಾಗ ಅದು ತನ್ನೊಳಗಿನ ಒಂದಿಷ್ಟು ಪೆಟ್ರೋಲನ್ನು ಪಿಚಕಾರಿಯಂತೆ ನೇರವಾಗಿ ಗಾಳಿಯ ಕಂಠಕ್ಕೆ ಚಿಮ್ಮುತ್ತದೆ. ಹಿಂದುಳಿದ ಪೆಟ್ರೋಲ್ ಗಾಳಿಯನ್ನು ಹಿಡಿಯುವವರೆಗಿನ ಸಾಲವನ್ನು ಈ ಒಂದು ಚಿಮ್ಮು ತೀರಿಸುತ್ತದೆ. ಸೋಲೆಕ್ಸ್, ವೆಬರ್ ಮೊದಲಾದ ಹೆಸರುಗಳ ಅನೇಕ ಕಾರ್ಬ್ಯುರೇಟರುಗಳಲ್ಲಿ ಇದೇ ವ್ಯವಸ್ಥೆ.

ಎರಡನೆಯ ದಾರಿ ಇಂಗ್ಲೆಂಡಿನ ಸ್ಕಿನ್ನರ್ ಸಹೋದರರದು. ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಮತ್ತು ಕಾರ್ಲ್ ಸ್ಕಿನ್ನರ್ ಪಾದರಕ್ಷೆ ವ್ಯಾಪಾರದ ಮನೆತನದವರು. ಅವರ ಮೊದಲ ಕಾರ್ಬ್ಯುರೇಟರುಗಳಲ್ಲಿ ತೊಗಲಿನ ತಿದಿ ಇದ್ದದ್ದು ಆ ಹಿನ್ನೆಲೆಯಿಂದ ಸ್ವಾರಸ್ಯಕರ. 1910ರಲ್ಲಿ ಅವರ ಕಂಪನಿ ಸ್ಥಾಪನೆಯಾಯಿತು. ಸ್ಕಿನ್ನರ್ಸ್ ಯೂನಿಯನ್ ಎಂಬ ಹೆಸರಿನ ಮೊದಲಕ್ಷರಗಳಿಂದ ಎಸ್.ಯು. ಎಂಬ ಹೆಸರು ಬಂತು. ಇದರಲ್ಲಿ ಗಾಳಿಯ ಕಂಠದ ಗಾತ್ರವೇ ಬದಲಾಗುತ್ತದೆ. ಗಾಳಿಯ ಸೆಳೆತಕ್ಕೆ ತಕ್ಕಂತೆ ಒಂದು ಪಿಸ್ಟನ್ ಏರಿಳಿಯುತ್ತದೆ, ಅದಕ್ಕೆ ಜೋಡಿಸಿದ ಮೊನಚಾದ ಸೂಜಿ ಪೆಟ್ರೋಲಿನ ರಂಧ್ರವನ್ನು ತೆರೆಯುತ್ತ ಮುಚ್ಚುತ್ತ ಹೋಗುತ್ತದೆ. ಮುಂದೆ ಪಿಸ್ಟನ್ನಿನ ಮೇಲ್ಭಾಗದಲ್ಲಿ ಎಣ್ಣೆ ತುಂಬಿದ ಒಂದು ತಡೆಯನ್ನು ಸೇರಿಸಿದರು. ಥ್ರಾಟಲ್ ತಟ್ಟನೆ ತೆರೆದರೂ ಎಣ್ಣೆಯ ತಡೆಯಿಂದಾಗಿ ಪಿಸ್ಟನ್ ನಿಧಾನವಾಗಿ ಏರುತ್ತದೆ. ಆ ಹೊತ್ತಿನಲ್ಲಿ ಕಂಠ ಇನ್ನೂ ಕಿರಿದಾಗಿರುವುದರಿಂದ ಸೆಳೆತ ಹೆಚ್ಚಿ ಹೆಚ್ಚು ಪೆಟ್ರೋಲ್ ಬರುತ್ತದೆ. ಪ್ರತ್ಯೇಕ ಪಂಪಿಲ್ಲದೆಯೇ ಕೆಲಸವಾಯಿತು. ಇಂತಹ ಕಾರ್ಬ್ಯುರೇಟರ್ ಇರುವ ಕಾರು ತಡವರಿಸಿದರೆ ಮೊದಲು ನೋಡಬೇಕಾದದ್ದು ಆ ಎಣ್ಣೆ ಇದೆಯೇ ಎಂಬುದನ್ನು. ಎರಡು ಚಮಚ ಎಣ್ಣೆಯಲ್ಲಿ ಗುಣವಾಗುವ ರೋಗಕ್ಕೆ ಇಡೀ ಇಂಜಿನ್ ಬಿಚ್ಚಿಸಿದವರಿದ್ದಾರೆ.

1940ರ ಆಕಾಶದಲ್ಲಿ

ರಸ್ತೆಯ ಮೇಲಿನ ತಡವರಿಕೆಯಿಂದ ಮಾನಭಂಗವಾಗಬಹುದು, ಘಟ್ಟದಲ್ಲಾದರೆ ಅಪಾಯವೂ ಹೌದು. ಅದೇ ತಡವರಿಕೆ ಆಕಾಶದಲ್ಲಿ, ಯುದ್ಧದ ನಡುವೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಎರಡನೆಯ ಮಹಾಯುದ್ಧದಲ್ಲಿ ಒಂದು ನಿದರ್ಶನವಿದೆ. ಇಂಜಿನ್ನಿನ ರೋಗ ಪತ್ತೆಹಚ್ಚುವ ಕಲೆಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬ್ರಿಟನ್ನಿನ ಸ್ಪಿಟ್‌ಫೈರ್ ಮತ್ತು ಹರಿಕೇನ್ ಯುದ್ಧವಿಮಾನಗಳಲ್ಲಿದ್ದ ರೋಲ್ಸ್ ರಾಯ್ಸ್ ಮರ್ಲಿನ್ ಇಂಜಿನ್ನಿಗೆ ಎಸ್.ಯು. ಕಾರ್ಬ್ಯುರೇಟರ್ ಇತ್ತು. ಜರ್ಮನಿಯ ಮೆಸರ್‌ಸ್ಮಿಟ್ 109 ವಿಮಾನದ ಇಂಜಿನ್ನಿಗೆ ನೇರ ಇಂಧನ ಚುಚ್ಚುವಿಕೆಯ ವ್ಯವಸ್ಥೆಯಿತ್ತು. ಬ್ರಿಟಿಷರ ಆಯ್ಕೆ ತಪ್ಪೆಂದು ಹೇಳುವಂತಿಲ್ಲ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಆವಿಯಾಗುವಾಗ ಮಿಶ್ರಣ ತಣ್ಣಗಾಗಿ ಸಾಂದ್ರವಾಗುತ್ತದೆ, ಅದರಿಂದ ಇಂಜಿನ್ನಿಗೆ ಹೆಚ್ಚು ಶಕ್ತಿ ಸಿಗುತ್ತಿತ್ತು. ಆದರೆ ಶತ್ರುವಿಮಾನ ಮೂಗು ತಗ್ಗಿಸಿ ಹಠಾತ್ತನೆ ಕೆಳಗೆ ಧುಮುಕಿದಾಗ, ಬೆನ್ನಟ್ಟುವ ಬ್ರಿಟಿಷ್ ವಿಮಾನವೂ ಹಾಗೆಯೇ ಮೂಗು ತಗ್ಗಿಸಿದರೆ ಇಂಜಿನ್ ಕೆಲ ಕ್ಷಣ ನಿಂತುಹೋಗುತ್ತಿತ್ತು. ಅಷ್ಟರಲ್ಲಿ ಶತ್ರು ತಪ್ಪಿಸಿಕೊಳ್ಳುತ್ತಿದ್ದ. ಹಿಂದಿನಿಂದ ಬೇರೊಬ್ಬ ಶತ್ರು ಬಂದಿದ್ದರೆ ಆ ಕ್ಷಣಗಳೇ ಪೈಲಟ್‌ನ ಕೊನೆಯ ಕ್ಷಣಗಳು. ಇದರಿಂದ ಪಾರಾಗಲು ಪೈಲಟ್‌ಗಳು ವಿಮಾನವನ್ನು ಮಗುಚಿಕೊಂಡು ಧುಮುಕುವುದನ್ನು ರೂಢಿಸಿಕೊಂಡರು, ಆದರೆ ಅದಕ್ಕೆ ಸಮಯ ಹಿಡಿಯುತ್ತಿತ್ತು.

ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಇಂಜಿನಿಯರ್ ಇದ್ದರು. 1909ರಲ್ಲಿ ಜನಿಸಿದ ಅವರು ಮ್ಯಾಂಚೆಸ್ಟರ್‌ನಲ್ಲಿ ಇಂಜಿನಿಯರಿಂಗ್ ಓದಿದವರು, ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ನಾರ್ಟನ್ ಮೋಟಾರ್‌ಸೈಕಲ್ಲನ್ನು ಗಂಟೆಗೆ ನೂರು ಮೈಲಿಗೂ ಮಿಕ್ಕ ವೇಗದಲ್ಲಿ ಓಡಿಸಿ ಬಹುಮಾನ ಪಡೆದಿದ್ದವರು.

ಇಂಜಿನ್ ನಿಲ್ಲುವುದು ಒಂದೇ ಘಟನೆಯಂತೆ ತೋರಿದರೂ ಅದರೊಳಗೆ ಎರಡು ಘಟನೆಗಳಿದ್ದವು. ವಿಮಾನ ಮೂಗು ತಗ್ಗಿಸಿದಾಗ ಗುರುತ್ವ ತಲೆಕೆಳಗಾದಂತಾಗಿ ಪಾತ್ರೆಯಲ್ಲಿನ ಪೆಟ್ರೋಲ್ ಮೇಲಕ್ಕೆ ಹಾರುತ್ತದೆ, ಕೆಳಗಿನ ಜೆಟ್ ಬರಿದಾಗುತ್ತದೆ. ಇಂಜಿನ್ ಒಮ್ಮೆ ಕೆಮ್ಮುತ್ತದೆ. ಇದು ಪೆಟ್ರೋಲಿನ ಕೊರತೆ, ಕ್ಷಣಿಕವಾದದ್ದು. ಆದರೆ ಅದರ ಬೆನ್ನಿಗೇ ಫ್ಲೋಟ್ ತನ್ನ ಸ್ಥಾನ ತಪ್ಪಿ ಪೆಟ್ರೋಲ್ ಒಳಬರುವ ಬಾಗಿಲನ್ನು ಪೂರ್ತಿ ತೆರೆದುಬಿಡುತ್ತದೆ. ಪಂಪು ಒತ್ತಡದಿಂದ ತಳ್ಳುವ ಪೆಟ್ರೋಲ್ ಪಾತ್ರೆಯನ್ನು ತುಂಬಿ ಉಕ್ಕುತ್ತದೆ. ಈಗ ಇಂಜಿನ್ ನಿಲ್ಲುವುದು ಪೆಟ್ರೋಲ್ ಅತಿಯಾದದ್ದರಿಂದ. ಅಪಾಯಕಾರಿಯಾದದ್ದು ಈ ಎರಡನೆಯದು. ಹಸಿವಿನಿಂದ ಬಿದ್ದಂತೆ ಕಾಣುವ ಇಂಜಿನ್ ನಿಜವಾಗಿ ಅಜೀರ್ಣದಿಂದ ನರಳುತ್ತಿತ್ತು.

ರೋಗ ಹೀಗೆ ಎರಡಾಗಿ ಬೇರ್ಪಟ್ಟ ಮೇಲೆ ಮದ್ದು ಸರಳವಾಯಿತು. ಶಿಲ್ಲಿಂಗ್ ಅವರು ಪೆಟ್ರೋಲಿನ ಕೊಳವೆಯಲ್ಲಿ ಕೂರಿಸುವ ಒಂದು ಸಣ್ಣ ಹಿತ್ತಾಳೆಯ ಬಿಲ್ಲೆಯನ್ನು ರೂಪಿಸಿದರು. ಇಂಜಿನ್ ಪೂರ್ಣಶಕ್ತಿಯಲ್ಲಿ ಓಡುವಾಗ ಎಷ್ಟು ಪೆಟ್ರೋಲ್ ಬೇಕೋ ಅಷ್ಟನ್ನು ಮಾತ್ರ ಬಿಡುವಂತೆ ಅದರಲ್ಲಿ ಅಳೆದು ಕೊರೆದ ಒಂದು ರಂಧ್ರವಿತ್ತು. 1941ರ ಆರಂಭದಲ್ಲಿ ಅವರು ಸಣ್ಣದೊಂದು ತಂಡದೊಡನೆ ವಿಮಾನನೆಲೆಗಳಿಗೆ ಹೋಗಿ, ವಿಮಾನಗಳನ್ನು ಕೆಲಸದಿಂದ ಹೆಚ್ಚು ಹೊತ್ತು ದೂರವಿಡದೆ, ಈ ಬಿಲ್ಲೆಗಳನ್ನು ಅಳವಡಿಸಿದರು. ಮೊದಲನೆಯ ಕ್ಷಣಿಕ ಕೆಮ್ಮು ಉಳಿಯಿತು, ಎರಡನೆಯ ಮಾರಕ ನಿಲುಗಡೆ ಹೋಯಿತು. ಪೂರ್ಣ ಪರಿಹಾರ ಬಂದದ್ದು ಮುಂದೆ, ಯುದ್ಧ ನಡೆಯುತ್ತಿದ್ದಾಗಲೇ, ಒತ್ತಡದ ಕಾರ್ಬ್ಯುರೇಟರುಗಳು ಬಂದಾಗ. ಶಿಲ್ಲಿಂಗ್ ಅವರು ಪೂರ್ಣ ಪರಿಹಾರಕ್ಕಾಗಿ ಕಾಯದೆ, ಕೊಲ್ಲುವ ದೋಷ ಯಾವುದೆಂದು ಬೇರ್ಪಡಿಸಿ ಅದನ್ನು ಮೊದಲು ನಿವಾರಿಸಿದರು.

ಮೇಸ್ತ್ರಿಗಳ ಮೂರು ಪ್ರಶ್ನೆ

ಈಗ ಶಿವಮೊಗ್ಗದ ಮೇಸ್ತ್ರಿಗಳ ಬಳಿಗೆ ಮರಳುತ್ತೇನೆ. ಅವರಿಗೆ ಆಗಲೇ ಎಪ್ಪತ್ತರ ಹತ್ತಿರ ವಯಸ್ಸು. ಹುಣಸೆಮರದ ಕೆಳಗೆ ಒಂದು ಹಲಗೆ, ಅದರ ಮೇಲೆ ಸ್ಪ್ಯಾನರುಗಳು. ನಾನು ಬದಲಾಯಿಸಿದ ಭಾಗಗಳ ಪಟ್ಟಿಯನ್ನು ಹೇಳಲು ಆರಂಭಿಸಿದೆ. ಅವರು ಕೈಯೆತ್ತಿ ತಡೆದರು.

"ಮೇಷ್ಟ್ರೇ, ಹಾಕಿದ್ದು ಆಮೇಲೆ ಹೇಳಿ. ಗಾಡಿ ಯಾವಾಗ ಹೀಂಗೆ ಮಾಡ್ತದೆ, ಅದು ಹೇಳಿ. ತಣ್ಣಗಿದ್ದಾಗಲೋ, ಕಾದ ಮೇಲೋ?"

"ಎರಡರಲ್ಲೂ" ಎಂದೆ.

"ಒಂದೇ ಸ್ಪೀಡಲ್ಲಿ ಹೋಗ್ತಿರುವಾಗ?"

"ಇಲ್ಲ, ಆಗ ಚೆನ್ನಾಗಿಯೇ ಓಡುತ್ತದೆ."

"ಆಕ್ಸಿಲರೇಟರ್ ನಿಧಾನಕ್ಕೆ ಒತ್ತಿದರೆ?"

ನಾನು ಸುಮ್ಮನಾದೆ. ಅದನ್ನು ನಾನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಅವರು ನನ್ನನ್ನೇ ಕಾರಿನಲ್ಲಿ ಕೂರಿಸಿ ರಸ್ತೆಯಲ್ಲಿ ಓಡಿಸಿಕೊಂಡು ಬರಲು ಕಳುಹಿಸಿದರು. ನಿಧಾನವಾಗಿ ಒತ್ತಿದಾಗ ತಡವರಿಕೆಯೇ ಇರಲಿಲ್ಲ. ತಟ್ಟನೆ ಒತ್ತಿದಾಗ ಮಾತ್ರ ಇತ್ತು.

ಹಿಂದಿರುಗಿ ಹೇಳಿದಾಗ ಅವರು ಇಂಜಿನ್ ನಿಲ್ಲಿಸಿ, ಬೀಡಿಯನ್ನು ದೂರಕ್ಕೆಸೆದು, ಏರ್ ಫಿಲ್ಟರಿನ ಮುಚ್ಚಳ ತೆಗೆದರು. ಕಾರ್ಬ್ಯುರೇಟರಿನ ಗಂಟಲಿಗೆ ಟಾರ್ಚ್ ಬಿಟ್ಟು, ಥ್ರಾಟಲಿನ ಸಲಾಕೆಯನ್ನು ಕೈಯಿಂದ ಎಳೆದರು. "ನೋಡಿ ಇಲ್ಲಿ" ಎಂದರು. ಸೂಜಿಯ ದಪ್ಪದ ಪೆಟ್ರೋಲ್ ಧಾರೆ ಚಿಮ್ಮಬೇಕಾದ ಜಾಗದಲ್ಲಿ ಒಂದು ತೊಟ್ಟು ಮಾತ್ರ ಜಿನುಗಿತು. ಪಕ್ಕದ ನಾಲ್ಕು ಸ್ಕ್ರೂ ಬಿಚ್ಚಿ ಪಂಪಿನ ತೆಳುವಾದ ಪೊರೆಯನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ನಡುವೆ ಕೂದಲೆಳೆಯಂಥ ಬಿರುಕು. ಹೊಸ ಪೊರೆಗೆ 12 ರೂಪಾಯಿ. ಇಡೀ ಕೆಲಸಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ನಾನು ಆ ಹೊತ್ತಿಗೆ ಹತ್ತು ವರ್ಷದಿಂದ ಮಕ್ಕಳಿಗೆ ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ ಎಂದು ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿದ್ದವನು. ನನ್ನ ಸ್ವಂತ ಕಾರಿನ ವಿಷಯದಲ್ಲಿ ವೀಕ್ಷಣೆಯನ್ನೇ ಮಾಡದೆ ತೀರ್ಮಾನಕ್ಕೆ ಹಾರಿ, ಅದಕ್ಕೆ 1,800 ರೂಪಾಯಿ ದಂಡ ತೆತ್ತಿದ್ದೆ. ಹಣಕ್ಕಿಂತ ಹೆಚ್ಚಾಗಿ, ತಂದೆಯವರನ್ನು ಕೂರಿಸಿಕೊಂಡು ಆ ತಿರುವಿನಲ್ಲಿ ಹಿಂದಕ್ಕೆ ಜಾರಿದ ಕ್ಷಣ ನೆನಪಾಗಿ ನಾಚಿಕೆಯಾಯಿತು. ಮುಂದಿನ ತಿಂಗಳು ಅವರು ಮತ್ತೆ ಕಾರಿನಲ್ಲಿ ಬರಲು ಒಪ್ಪಿದರು. ಘಟ್ಟ ಹತ್ತುವಾಗ ಪ್ರತಿ ತಿರುವಿನಲ್ಲೂ ಮುಂದಿನ ಸೀಟಿನ ಬೆನ್ನನ್ನು ಹಿಡಿದುಕೊಂಡಿದ್ದರು. ಮೇಲೆ ತಲುಪಿದ ಮೇಲೆ ಕೈ ಸಡಿಲಿಸಿ, ಕಾಫಿ ಕುಡಿಯೋಣ ಎಂದರು.

ಹುಡುಕುವ ಕ್ರಮ

ನನ್ನ ವಿದ್ಯಾರ್ಥಿಗಾಗಿ, ಮೇಸ್ತ್ರಿಗಳಿಂದ ಕಲಿತದ್ದನ್ನೂ ನಂತರ ನಾನೇ ಕೈ ಕೊಳೆ ಮಾಡಿಕೊಂಡು ತಿಳಿದದ್ದನ್ನೂ ಕ್ರಮವಾಗಿ ಹೇಳುತ್ತೇನೆ.

ತಟ್ಟನೆ ಒತ್ತಿದಾಗ ಮಾತ್ರ ತಡವರಿಕೆಯಿದ್ದರೆ ಮೊದಲು ಆಕ್ಸಿಲರೇಟರ್ ಪಂಪನ್ನು ಮೇಲೆ ಹೇಳಿದಂತೆ ನೋಡು. ಇಂಜಿನ್ ನಿಂತಿರಲಿ, ಹತ್ತಿರದಲ್ಲಿ ಬೆಂಕಿ ಬೇಡ. ಸಲಾಕೆ ಅಲುಗಿದ ಕೂಡಲೇ ಧಾರೆ ಚಿಮ್ಮಬೇಕು. ಚಿಮ್ಮದಿದ್ದರೆ ಪೊರೆ ಹರಿದಿರಬಹುದು, ಒಳಗಿನ ಸಣ್ಣ ಗುಂಡಿನ ಕವಾಟ ಅಂಟಿಕೊಂಡಿರಬಹುದು, ಅಥವಾ ಜೆಟ್ ಕಟ್ಟಿಕೊಂಡಿರಬಹುದು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಒಣಗಿ ಅಂಟಿನಂತಾಗಿರುತ್ತದೆ, ಹಾಗಾಗಿ ಈ ಮೂರೂ ಸಾಧ್ಯ.

ನಿಧಾನವಾಗಿ ಒತ್ತಿದಾಗಲೂ ಒಂದು ನಿರ್ದಿಷ್ಟ ಹಂತದಲ್ಲಿ ಮುಗ್ಗರಿಸಿದರೆ, ಥ್ರಾಟಲ್ ತಟ್ಟೆಯ ಅಂಚಿನಲ್ಲಿರುವ ಸಣ್ಣ ರಂಧ್ರಗಳು ಕಟ್ಟಿಕೊಂಡಿರುವ ಸಂಭವ ಹೆಚ್ಚು. ನಿಂತ ಇಂಜಿನ್ನಿನ ಓಟದಿಂದ ಮುಖ್ಯ ಜೆಟ್ಟಿಗೆ ಕೈ ಬದಲಾಗುವ ಹಂತ ಅದು.

ಪೆಟ್ರೋಲ್ ಕಡಿಮೆಯೋ ಹೆಚ್ಚೋ ಎಂದು ತಿಳಿಯಲು ಚೋಕನ್ನು ಸ್ವಲ್ಪವೇ ಎಳೆದು ಓಡಿಸು. ತಡವರಿಕೆ ಕಡಿಮೆಯಾದರೆ ಮಿಶ್ರಣ ತೆಳುವಾಗಿದೆ ಎಂದರ್ಥ. ಆಗ ಫ್ಲೋಟಿನ ಮಟ್ಟ, ಪೆಟ್ರೋಲ್ ಫಿಲ್ಟರ್, ಕಾರ್ಬ್ಯುರೇಟರಿನ ಅಡಿಯ ಗ್ಯಾಸ್ಕೆಟ್ಟಿನಿಂದ ಗಾಳಿ ಸೋರುತ್ತಿದೆಯೇ ಎಂಬುದನ್ನು ನೋಡಬೇಕು. ಪ್ಲಗ್ ಬಿಚ್ಚಿ ನೋಡಿದರೂ ತಿಳಿಯುತ್ತದೆ. ತುದಿ ಬಿಳಿಚಿಕೊಂಡಿದ್ದರೆ ತೆಳು, ಮಸಿ ಹಿಡಿದಿದ್ದರೆ ಗಟ್ಟಿ, ತಿಳಿಕಂದು ಇದ್ದರೆ ಹದ.

ಪೆಟ್ರೋಲಿನ ಕಡೆ ಎಲ್ಲವೂ ಸರಿಯಾಗಿದ್ದರೆ ಮಾತ್ರ ಕಿಡಿಯ ಕಡೆ ತಿರುಗು. ಪಾಯಿಂಟಿನ ಅಂತರ, ಟೈಮಿಂಗ್, ಕೊನೆಗೆ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಡಬ್ಬಿ. ಅದರ ರಬ್ಬರ್ ಕೊಳವೆಯನ್ನು ಬಾಯಿಂದ ಹೀರಿ ನಾಲಿಗೆಯಿಂದ ಮುಚ್ಚಿ ಹಿಡಿದರೆ ಸೆಳೆತ ನಿಲ್ಲಬೇಕು. ನಿಲ್ಲದಿದ್ದರೆ ಒಳಗಿನ ಪೊರೆ ಹರಿದಿದೆ. ಮತ್ತು ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸು. ಎರಡನ್ನು ಒಟ್ಟಿಗೆ ಬದಲಾಯಿಸಿ ಗುಣವಾದರೆ ಯಾವುದರಿಂದ ಗುಣವಾಯಿತೆಂಬುದು ನಿನಗೆ ಎಂದಿಗೂ ತಿಳಿಯುವುದಿಲ್ಲ.

ಮುಗಿದ ಅಧ್ಯಾಯ

ಕಾರ್ಬ್ಯುರೇಟರಿನ ಕಾಲ ಮುಗಿದಿದೆ. 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಬಾಷ್ ಕಂಪನಿಯ ವಿದ್ಯುನ್ಮಾನ ಇಂಧನ ವ್ಯವಸ್ಥೆ ಬಂತು. ನಮ್ಮ ದೇಶದಲ್ಲಿ 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಹೊಸ ಕಾರುಗಳಿಂದ ಕಾರ್ಬ್ಯುರೇಟರ್ ಮಾಯವಾಗುತ್ತ ಬಂತು. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಸರಿಯಿತು. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲೆ ಹೊಸ ಬೈಕುಗಳೂ ಅದನ್ನು ಕೈಬಿಟ್ಟವು.

ಹಳೆಯ ಕಾರು ಇಟ್ಟುಕೊಂಡವರಿಗೆ ಇನ್ನೊಂದು ಹೊಸ ಕಾಳಜಿಯೂ ಇದೆ. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನ ಅಳತೆಗೆ ಮಿಶ್ರಣ ತೆಳುವಾಗುತ್ತದೆ. ಅದನ್ನು ತಡೆಯಲೆಂದು ಮಾಡಿರದ ಹಳೆಯ ರಬ್ಬರಿನ ಪೊರೆ, ಕೊಳವೆಗಳು ಬೇಗ ಹಾಳಾಗಬಹುದು. ಹದಿನೈದಿಪ್ಪತ್ತು ವರ್ಷ ನಿಂತ ಗಾಡಿಯ ಪೊರೆಗಳನ್ನೆಲ್ಲ ಎಥೆನಾಲ್ ತಾಳುವಂಥ ಹೊಸ ಪೊರೆಗಳಿಗೆ ಬದಲಾಯಿಸುವುದು ಲೇಸು.

ಆ ಮೇಸ್ತ್ರಿಗಳು ತೀರಿಕೊಂಡು ಬಹಳ ಕಾಲವಾಯಿತು. ಅವರನ್ನು ಕಂಡು ಬಂದ ಮೇಲೆ ನನ್ನ ಪಾಠದಲ್ಲಿ ಒಂದು ಸಣ್ಣ ಬದಲಾವಣೆ ಆಯಿತು. ಗಣಿತದಲ್ಲಿ ತಪ್ಪಿದ ಹುಡುಗನ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುವ ಮೊದಲು, ಎಲ್ಲಿಯವರೆಗೆ ಸರಿಯಾಗಿ ಬಂತು, ಯಾವ ಹೆಜ್ಜೆಯಲ್ಲಿ ನಿಂತಿತು ಎಂದು ಅವನನ್ನೇ ಕೇಳತೊಡಗಿದೆ. ನಿಮ್ಮಲ್ಲಿ ಕೆಲವರಿಗೆ ಆ ಪ್ರಶ್ನೆ ಕಿರಿಕಿರಿಯೆನಿಸಿದ್ದು ನನಗೆ ಗೊತ್ತು. ಅದು ಎಲ್ಲಿಂದ ಬಂತೆಂದು ಇಂದು ಹೇಳಿದಂತಾಯಿತು.

ಮೊನ್ನೆ ಪುಣೆಯಿಂದ ಮತ್ತೆ ಫೋನ್ ಬಂದಿತ್ತು. ಧಾರೆ ಚಿಮ್ಮುತ್ತಿಲ್ಲವಂತೆ. ಪೊರೆ ಗಟ್ಟಿಯಾಗಿ ಒಣಗಿದ ಹಪ್ಪಳದಂತಾಗಿದೆಯಂತೆ. ಹೊಸದನ್ನು ತರಿಸಿದ್ದಾನೆ. ಊರಿಗೆ ಬಂದಾಗ ನನ್ನನ್ನು ಕೂರಿಸಿಕೊಂಡು ಘಟ್ಟ ಹತ್ತಿಸುತ್ತೇನೆಂದು ಹೇಳಿದ್ದಾನೆ. ಚಕ್ರಕ್ಕೆ ಕೊಡಲು ಒಂದು ಕಲ್ಲನ್ನು ಡಿಕ್ಕಿಯಲ್ಲಿ ಇಟ್ಟುಕೊಂಡೇ ಬಾ ಎಂದು ಹೇಳಿದ್ದೇನೆ.